ಕಣ್ಣೀರು ಹೇಳುವ ಕಾಯಿಲೆ

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳಲ್ಲಿ ಆವಿ ಮತ್ತು ಹೊಗೆ. ಚಿಕ್ಕಬಳ್ಳಾಪುರದ ಕಲ್ಲು ಕ್ರಷರ್‌ಗಳ ಸುತ್ತ ದೂಳು. ಚಿಂತಾಮಣಿ, ಗೌರಿಬಿದನೂರು ಕಡೆ ಬೇಸಿಗೆಯ ಒಣಗಾಳಿ. ಈ ಸೀಮೆಯಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುವುದು ಹೊಸ ಸಂಗತಿಯಲ್ಲ. ಮಗು ಕಣ್ಣುಜ್ಜುತ್ತ ಶಾಲೆಯಿಂದ ಬಂದರೆ ಔಷಧಿ ಅಂಗಡಿಯಿಂದ ಯಾವುದೋ ಹನಿಮದ್ದು ತಂದು ಹಾಕುವುದೂ ವಾಡಿಕೆ. ಆದರೆ ಕೆಂಪು ಕಣ್ಣೆಲ್ಲ ಒಂದೇ ಕಾಯಿಲೆಯಲ್ಲ. ಅದು ಅಲರ್ಜಿಯೋ, ಸೋಂಕೋ, ಒಣಗಣ್ಣೋ? ಇದನ್ನು ಪತ್ತೆಹಚ್ಚಲು ಕಣ್ಣೀರೇ ನೆರವಾಗುತ್ತದೆ.

ಬರೀ ಉಪ್ಪುನೀರಲ್ಲ

ಕಣ್ಣಿನ ಮೇಲೆ ಸದಾ ಹರಡಿರುವ ಕಣ್ಣೀರಿನ ತೆಳುಪೊರೆಯಲ್ಲಿ ಲೋಳೆ, ನೀರು, ಎಣ್ಣೆ ಮೂರೂ ಇವೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂಬ ಮಾತುಂಟಲ್ಲ, ಆ ಎಣ್ಣೆಯನ್ನು ಪ್ರಕೃತಿಯೇ ಬಿಟ್ಟಿದೆ. ರೆಪ್ಪೆಯಂಚಿನ ಗ್ರಂಥಿಗಳಿಂದ ಬರುವ ಅದು ನೀರು ಬೇಗ ಆರದಂತೆ ಕಾಯುತ್ತದೆ. ನೀರಿನಲ್ಲಿ ರೋಗಾಣುಗಳನ್ನು ಕೊಲ್ಲುವ ಲೈಸೊಝೈಮ್ ಎಂಬ ಪ್ರೋಟೀನ್ ಇದೆ. 1922ರಲ್ಲಿ ಇದನ್ನು ಪ್ರಕಟಿಸಿದವರು ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್. ಅಧ್ಯಯನಕ್ಕೆ ಬೇಕಾದ ಕಣ್ಣೀರಿಗಾಗಿ ಅವರು ನಿಂಬೆಹಣ್ಣಿನ ಮೊರೆ ಹೊಕ್ಕಿದ್ದರು!

ಕಾಗದದ ಪಟ್ಟಿ

ಕಣ್ಣೀರು ಅಳೆಯುವ ಸರಳ ವಿಧಾನವನ್ನು 1903ರಲ್ಲಿ ಜರ್ಮನಿಯ ಒಟ್ಟೊ ಶಿರ್ಮರ್ ತಿಳಿಸಿದರು. 5 ಮಿಲಿಮೀಟರ್ ಅಗಲದ ಸೋಸುಕಾಗದದ ಪಟ್ಟಿಯ ತುದಿಯನ್ನು ಕೆಳರೆಪ್ಪೆಯೊಳಗೆ ಸಿಕ್ಕಿಸುತ್ತಾರೆ. ಐದು ನಿಮಿಷದಲ್ಲಿ 5 ಮಿಲಿಮೀಟರ್‌ನಷ್ಟೂ ನೆನೆಯದಿದ್ದರೆ ಒಣಗಣ್ಣಿನ ಸಂದೇಹ. ಸದಾ ನೀರು ಸುರಿಸುವ ಕಣ್ಣೂ ಒಣಗಣ್ಣಾಗಿರಬಹುದು ಎಂಬುದು ಸೋಜಿಗ. ಪೊರೆ ಕೆಟ್ಟು ಕಣ್ಣು ಉರಿದಾಗ, ಆ ಉರಿಗೇ ನೀರು ಉಕ್ಕುತ್ತದೆ.

ಆದ್ದರಿಂದ ಎಷ್ಟು ನೀರು ಎಂಬುದರ ಜೊತೆಗೆ ನೀರಿನಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ನೀರು ಆರಿದಷ್ಟೂ ಉಪ್ಪಿನಂಶ ಗಟ್ಟಿಯಾಗುತ್ತದೆ; ಅದು ಒಣಗಣ್ಣಿನ ಗುರುತು. ಅಲರ್ಜಿಯಲ್ಲಿ ಐಜಿಇ ಎಂಬ ಪ್ರತಿಕಾಯ ಹೆಚ್ಚುತ್ತದೆ. ಉರಿಯೂತವಿದ್ದರೆ ಎಂಎಂಪಿ-9 ಎಂಬ ಕಿಣ್ವ ಏರುತ್ತದೆ. ಈ ಕಿಣ್ವವನ್ನು ಸುಮಾರು ಹತ್ತು ನಿಮಿಷದಲ್ಲಿ ತೋರಿಸುವ ಪುಟ್ಟ ಕಿಟ್ ಕೂಡ ಬಂದಿದೆ.

ಬೆಂಗಳೂರಿನ ಸಂಶೋಧನೆ

ಡಾ. ಕೆ. ಭುಜಂಗ ಶೆಟ್ಟಿ 1982ರಲ್ಲಿ ಸ್ಥಾಪಿಸಿದ ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು ಅದೇ ಶಿರ್ಮರ್ ಪಟ್ಟಿಯಿಂದ ಪ್ರೋಟೀನುಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದಾರೆ. ಕೆರಟೊಕೋನಸ್ ರೋಗಿಗಳ ಕಣ್ಣೀರಿನಲ್ಲಿ ಎಂಎಂಪಿ-9 ಹೆಚ್ಚಿರುವುದನ್ನು ಅವರು 2015ರಲ್ಲಿ ಪ್ರಕಟಿಸಿದರು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗವಿದು. ಹೆಚ್ಚಾಗಿ ಹದಿಹರೆಯದಲ್ಲಿ ತಲೆದೋರುತ್ತದೆ. ಅಲರ್ಜಿಯಿಂದ ಕಣ್ಣುಜ್ಜುವ ಮಕ್ಕಳಿಗೆ ಇದರ ಅಪಾಯ ಹೆಚ್ಚು. ಬೇಗ ಗೊತ್ತಾದರೆ ರೋಗ ಮುಂದುವರಿಯದಂತೆ ತಡೆಯುವ ಚಿಕಿತ್ಸೆಯಿದೆ. ತಡವಾದರೆ ಕಾರ್ನಿಯಾ ಕಸಿಯೇ ಬೇಕಾಗಬಹುದು.

ಪೋಷಕರಿಗೆ

ಕಣ್ಣೀರಿನ ಪರೀಕ್ಷೆಯೊಂದರಿಂದಲೇ ಎಲ್ಲವೂ ತೀರ್ಮಾನವಾಗದು. ವೈದ್ಯರು ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಎಲ್ಲ ಊರುಗಳಲ್ಲೂ ಈ ಪರೀಕ್ಷೆಗಳು ಸಿಗುವುದಿಲ್ಲ. ಆದರೆ ಮನೆಯಲ್ಲೇ ವಹಿಸಬಹುದಾದ ಎಚ್ಚರಿಕೆಗೆ ಯಾವ ಯಂತ್ರವೂ ಬೇಡ. ಸ್ಟೀರಾಯ್ಡ್ ಇರುವ ಹನಿಮದ್ದು ಕೆಂಪನ್ನು ಬೇಗ ಇಳಿಸುತ್ತದೆ. ಹೀಗಾಗಿಯೇ ಜನಕ್ಕೆ ಅದರ ಮೇಲೆ ನಂಬಿಕೆ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಆಗ ಹೋದ ದೃಷ್ಟಿ ಮರಳದು. ಶಿಲೀಂಧ್ರದ ಸೋಂಕಿದ್ದರಂತೂ ಅದು ಇನ್ನಷ್ಟು ಉಲ್ಬಣಿಸುತ್ತದೆ. ಎದೆಹಾಲು, ಸೊಪ್ಪಿನ ರಸ ಬಿಡುವುದೂ ಸಲ್ಲದು.

ಮಗು ಪದೇ ಪದೇ ಕಣ್ಣುಜ್ಜುತ್ತಿದೆಯೇ? ಕನ್ನಡಕದ ನಂಬರು ಮೇಲಿಂದ ಮೇಲೆ ಬದಲಾಗುತ್ತಿದೆಯೇ? ಬೆಳಕು ಕಂಡರೆ ಮುಖ ತಿರುಗಿಸುತ್ತದೆಯೇ? ಹಾಗಿದ್ದರೆ ಔಷಧಿ ಅಂಗಡಿಗಲ್ಲ, ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.