ಸೈಕಾಲಜಿ ಕಲಿಸುವುದಾದರೆ ಅರ್ಧದಲ್ಲಿ ಬಿಡಿಸಬೇಡಿ

ಪಿಯುಸಿ ಫಲಿತಾಂಶ ಬಂದ ಮೇಲೆ ನಮಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನೀಟ್‌ನಲ್ಲಿ ಸೀಟು ಸಿಗಲಿಕ್ಕಿಲ್ಲ, ಇನ್ನೆಂತ ಮಾಡುವುದು ಅಂತ. ಈ ಸಲ ಬಂಟ್ವಾಳ ಕಡೆಯ ಒಬ್ಬ ತಂದೆಯ ಪ್ರಶ್ನೆ ಬೇರೆ ಇತ್ತು. "ಮಗಳಿಗೆ ಸೈಕಾಲಜಿಯೇ ಆಗ್ಬೇಕಂತೆ. ಅದು ಕಲಿತ್ರೆ ಎಂತ ಕೆಲಸ ಸಿಗ್ತದೆ? ಡಿಗ್ರಿ ಆದ ಕೂಡ್ಲೆ ಕ್ಲಿನಿಕ್ ಇಡ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಇದನ್ನು ಅಡ್ಮಿಷನ್‌ಗೆ ಮೊದಲೇ ಹೇಳುವುದು ಒಳ್ಳೆಯದು. ಮೂರು ವರ್ಷದ ಬಿ.ಎ. ಅಥವಾ ಬಿ.ಎಸ್ಸಿ. ಮುಗಿಸಿದವರು ಸೈಕಾಲಜಿ ಪದವೀಧರರು, ಸೈಕಾಲಜಿಸ್ಟ್ ಅಲ್ಲ. ಮನೋರೋಗಕ್ಕೆ ಮದ್ದು ಬರೆಯುವ ಸೈಕಿಯಾಟ್ರಿಸ್ಟ್ ಅಂತೂ ಎಂಬಿಬಿಎಸ್ ದಾರಿಯಲ್ಲಿ ಬಂದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿರಬೇಕು. 1992ರ ಕಾಯ್ದೆಯೇ ಹಾಗಿದೆ. ಇಷ್ಟು ಕಾಲ ಅದಕ್ಕಿದ್ದ ಮುಖ್ಯ ದಾರಿ ಮೂರು ವರ್ಷದ ಡಿಗ್ರಿ, ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ., ಮೇಲೆ ಎರಡು ವರ್ಷದ ಎಂ.ಫಿಲ್. ಒಟ್ಟು ಏಳು ವರ್ಷ. ಬೆಂಗಳೂರಿನ ನಿಮ್ಹಾನ್ಸ್ ಇರಲಿ, ಧಾರವಾಡದ ಡಿಮ್ಹಾನ್ಸ್ ಇರಲಿ, ನಮ್ಮ ಮಣಿಪಾಲವೇ ಇರಲಿ, ಎಂ.ಫಿಲ್‌ಗೆ ಸೀಟು ಬೆರಳೆಣಿಕೆಯಷ್ಟು. ಈಗ ಎಂ.ಫಿಲ್ ಪದವಿಯನ್ನೇ ಯುಜಿಸಿ ಕೈಬಿಟ್ಟಿದೆ. ಕ್ಲಿನಿಕಲ್ ಸೈಕಾಲಜಿಗೆ 2025-26ರ ಸಾಲಿನವರೆಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಅದರ ಜಾಗಕ್ಕೆ ಹೊಸ ಕೋರ್ಸ್‌ಗಳು ಬರುತ್ತಿವೆ. ಹಾಗಾಗಿ ಯಾವ ಕಾಲೇಜು ಏನೇ ಹೇಳಲಿ, ಫೀಸು ಕಟ್ಟುವ ಮುಂಚೆ ಆ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಉಂಟಾ ಅಂತ ಮಂಡಳಿಯ ವೆಬ್‌ಸೈಟ್‌ನಲ್ಲೇ ನೋಡಿ. ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಗೋಡೆಗೆ ಚಂದ, ಅಷ್ಟೇ.

ಹಾಗಂತ ಡಿಗ್ರಿ ವ್ಯರ್ಥ ಅಲ್ಲ. ಸೈಕಾಲಜಿ ಆದವರಿಗೆ ಎಂ.ಎಸ್.ಡಬ್ಲ್ಯೂ. ಒಳ್ಳೆಯ ದಾರಿ. ಮಂಗಳೂರಿನ ರೋಶನಿ ನಿಲಯ 1960ರಿಂದಲೂ ಸಮಾಜಕಾರ್ಯ ಕಲಿಸುತ್ತಿದೆ. ಆಸ್ಪತ್ರೆ, ಮಕ್ಕಳ ರಕ್ಷಣೆ, ವ್ಯಸನಮುಕ್ತಿ ಕೇಂದ್ರಗಳಲ್ಲಿ ಆ ಪದವಿಗೆ ಕೆಲಸ ಉಂಟು. ವಿಶೇಷ ಶಿಕ್ಷಣದಲ್ಲಿ ಬಿ.ಎಡ್. ಮಾಡಿದವರು ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳ ಜೊತೆ ಕೆಲಸ ಮಾಡಬಹುದು. ಇಂಥ ಶಿಕ್ಷಕರನ್ನು ಹುಡುಕುತ್ತಿರುವ ಶಾಲೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಮಾಮೂಲಿ ಬಿ.ಎಡ್. ಯೋಚನೆ ಇದ್ದರೆ ಡಿಗ್ರಿಯಲ್ಲಿ ಸೈಕಾಲಜಿ ಜೊತೆಗೆ ಶಾಲೆಯಲ್ಲಿ ಕಲಿಸುವ ಒಂದು ವಿಷಯ, ಇಂಗ್ಲಿಷೋ ಇತಿಹಾಸವೋ, ತೆಗೆದುಕೊಂಡಿರಬೇಕು. ಕಾಂಬಿನೇಷನ್ ಆರಿಸುವ ದಿನ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಂಪೆನಿಗಳ ಎಚ್‌.ಆರ್. ಕೆಲಸಕ್ಕೆ ಎಂಬಿಎ ಸೇರಿಸಿಕೊಂಡರೆ ಅನುಕೂಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲೂ ಸೈಕಾಲಜಿ ಐಚ್ಛಿಕ ವಿಷಯವಾಗಿದೆ. ಮನೆಯಲ್ಲೇ ಇದ್ದು ಕಲಿಯುವವರಿಗೆ ಇಗ್ನೋದಲ್ಲಿ 2025ರವರೆಗೆ ಸೈಕಾಲಜಿ ಎಂ.ಎ. ಇತ್ತು.

ಈ ದಾರಿಗಳಲ್ಲಿ ಹೆಚ್ಚಿನವಕ್ಕೆ ಒಂದು ಮಾತು ಸಮಾನ. ಡಿಗ್ರಿಯ ನಂತರ ಕನಿಷ್ಠ ಎರಡು ವರ್ಷ ಬೇಕೇ ಬೇಕು.

ನಮ್ಮಲ್ಲಿ ತೊಡಕು ಇರುವುದೇ ಅಲ್ಲಿ. ಹೆಣ್ಣುಮಕ್ಕಳು ಡಿಗ್ರಿವರೆಗೆ ಓದುತ್ತಿದ್ದಾರೆ, ಚೆನ್ನಾಗಿಯೇ ಓದುತ್ತಿದ್ದಾರೆ. ಅಂತಿಮ ವರ್ಷಕ್ಕೆ ಬರುವಾಗ ಸಂಬಂಧ ಬರುತ್ತದೆ. ಹುಡುಗ ದುಬೈಯಲ್ಲೋ ದಮ್ಮಾಮಿನಲ್ಲೋ. "ಓದು ಆಮೇಲೂ ಮುಂದುವರಿಸ್ಬಹುದು" ಎಂದು ಎರಡೂ ಮನೆಯವರು ಹೇಳುತ್ತಾರೆ. ಎಷ್ಟು ಮನೆಗಳಲ್ಲಿ ಮುಂದುವರಿದಿದೆ ಎಂಬುದು ಓದುಗರಿಗೇ ಗೊತ್ತು. ಬಿ.ಕಾಂ. ಮುಗಿಸಿದವಳು ಲೆಕ್ಕ ಬರೆಯುವ ಒಂದು ಕೆಲಸವಾದರೂ ಹುಡುಕಿಯಾಳು. ಸೈಕಾಲಜಿಯಲ್ಲಿ ಮೂರು ವರ್ಷಕ್ಕೆ ನಿಂತರೆ ಆ ವಿಷಯದ ಕೆಲಸದ ಬಾಗಿಲು ಬಹುಪಾಲು ಮುಚ್ಚಿಯೇ ಇರುತ್ತದೆ. ಗಲ್ಫ್‌ಗೆ ಹೋದರೂ ಬರೀ ಬಿ.ಎ. ತೋರಿಸಿ ಸೈಕಾಲಜಿಸ್ಟ್ ಲೈಸೆನ್ಸ್ ಕೇಳಲು ಆಗುವುದಿಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸರಕಾರದ ಟೆಲಿಮಾನಸ್ ಸಹಾಯವಾಣಿ 14416 ಶುರುವಾದದ್ದು 2022ರಲ್ಲಿ. ಅದಕ್ಕೆ ಫೋನ್ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಆದರೆ ಬ್ಯಾರಿ ಬಿಟ್ಟು ಬೇರೆ ಭಾಷೆಯಲ್ಲಿ ಮನಸ್ಸು ಬಿಚ್ಚಲಾಗದ ಉಮ್ಮಂದಿರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂತ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುವುದು ಮಗ ಅಥವಾ ಸೊಸೆ. ಡಾಕ್ಟರಿಗೆ ಕನ್ನಡಕ್ಕೆ ತಿರುಗಿಸಿ ಹೇಳುವುದೂ ಅವರೇ. ಮಗನ ಬಗ್ಗೆಯೇ ನೋವಿದ್ದರೆ? ಸೊಸೆಯ ಎದುರೇ ಹೇಳಲಾಗದ ಮಾತಿದ್ದರೆ? ಉಮ್ಮ "ಎಂತ ಇಲ್ಲ" ಅಂತಾರೆ, ನಿದ್ದೆ ಮಾತ್ರೆಯ ಚೀಟಿ ಹಿಡಿದು ಮನೆಗೆ ಬರುತ್ತಾರೆ. ಆ ಕೋಣೆಯಲ್ಲಿ ಬ್ಯಾರಿಯಲ್ಲೇ ಮಾತನಾಡುವ, ತರಬೇತಿ ಪಡೆದ, ಕೇಳಿದ್ದನ್ನು ಹೊರಗೆ ಹೇಳದ ಒಬ್ಬ ಹೆಣ್ಣುಮಗಳು ಕೂತಿದ್ದರೆ ಮಾತೇ ಬೇರೆ ಆಗುತ್ತಿತ್ತು. ಅಂಥವಳು ಇವತ್ತು ಬಿ.ಎ. ಮೊದಲ ವರ್ಷಕ್ಕೆ ಅರ್ಜಿ ಹಾಕುತ್ತಿರುವ ನಮ್ಮದೇ ಮಗಳಾಗಿರಬಹುದು.

ಜಮಾಅತ್‌ಗಳು, ವೆಲ್ಫೇರ್ ಸಂಘಟನೆಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತವೆ, ಸಂತೋಷ. ಹೆಚ್ಚಿನ ಹಣ ಎಂಜಿನಿಯರಿಂಗ್, ಮೆಡಿಕಲ್‌ಗೆ ಹೋಗುತ್ತದೆ. ಡಿಗ್ರಿ ಓದುವವರಿಗೆ ಸಿಕ್ಕಿದರೂ ಮೂರು ವರ್ಷಕ್ಕೆ ಮುಗಿಯುತ್ತದೆ. ಸೈಕಾಲಜಿ, ಸಮಾಜಕಾರ್ಯ, ವಿಶೇಷ ಶಿಕ್ಷಣ ಓದುವ ಇಬ್ಬರನ್ನಾದರೂ ಒಂದೊಂದು ಸಂಘಟನೆ ಎಂ.ಎ. ಮುಗಿದು ನೋಂದಣಿ ಆಗುವವರೆಗೆ ಹಿಡಿದುಕೊಳ್ಳಲಿ. ಹತ್ತು ಮಂದಿಗೆ ಎರಡೆರಡು ಸಾವಿರ ಹಂಚಿ ಫೋಟೋ ತೆಗೆಸುವುದಕ್ಕಿಂತ ಇದು ಕಷ್ಟದ ಕೆಲಸ, ಸ್ಟೇಜೂ ಸಿಗಲಿಕ್ಕಿಲ್ಲ.

ಬಂಟ್ವಾಳದ ಆ ತಂದೆಗೆ ನಾವು ಹೇಳಿದ್ದು ಇಷ್ಟೆ. ಸೇರಿಸಿ, ಆದರೆ ಮೂರು ವರ್ಷಕ್ಕಲ್ಲ, ಐದು ವರ್ಷಕ್ಕೆ ಅಂತ ಈಗಲೇ ಲೆಕ್ಕ ಹಾಕಿ ಸೇರಿಸಿ. ಸಂಬಂಧ ಬಂದರೆ ಮಾತುಕತೆಯ ಮೊದಲ ದಿನವೇ ಅದನ್ನು ಹುಡುಗನ ಮನೆಯವರಿಗೆ ಹೇಳಿಬಿಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಉಮ್ಮನ ಹತ್ರ ಒಂದು ಮಾತು ಕೇಳ್ತೇನೆ" ಅಂದರು.