ಕಂಪನಿಯ ಸಂಬಳ, ಕಾನೂನಿನ ಹೊಣೆ

ಕಾನೂನು ಪದವಿ ಪಡೆದ ಮಗನೋ ಮಗಳೋ ಕರಿಕೋಟು ಧರಿಸಿ ನ್ಯಾಯಾಲಯದ ಮೆಟ್ಟಿಲೇರುವರೆಂದು ಹೆತ್ತವರು ನಿರೀಕ್ಷಿಸುತ್ತಿದ್ದ ಕಾಲವೊಂದಿತ್ತು. ಇಂದು ನಮ್ಮ ಕುಟುಂಬಗಳ ಯುವಕ ಯುವತಿಯರಲ್ಲಿಯೂ ಅನೇಕರು ಕಂಪನಿಗಳ ಕಾನೂನು ವಿಭಾಗಗಳನ್ನು ಸೇರುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಉದ್ಯೋಗ ಏನನ್ನು ಕೊಡುತ್ತದೆ, ಪ್ರತಿಯಾಗಿ ಏನನ್ನು ಪಡೆದುಕೊಳ್ಳುತ್ತದೆ ಎಂಬುದನ್ನು ಮಕ್ಕಳೊಡನೆ ಹೆತ್ತವರೂ ತಿಳಿದಿರಬೇಕಾದುದು ಅಗತ್ಯ.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಾಗಲಿ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಾಗಲಿ, ಹಳೆಯ ವಕೀಲರ ಮನೆಯ ಮುಂದಿನ ಕೋಣೆಯೇ ಅವರ ಕಚೇರಿಯಾಗಿರುತ್ತಿತ್ತು. ಕಕ್ಷಿದಾರ ಒಳಬಂದೊಡನೆ ಬಾಗಿಲು ಮುಚ್ಚುತ್ತಿತ್ತು. ಅಲ್ಲಿ ಆಡಿದ ಮಾತು ಅಡುಗೆಮನೆಯನ್ನು ತಲುಪುತ್ತಿರಲಿಲ್ಲ. ಹತ್ತಾರು ಕಕ್ಷಿದಾರರಿದ್ದುದರಿಂದ, 'ನಿಮ್ಮ ವ್ಯಾಜ್ಯದಲ್ಲಿ ಹುರುಳಿಲ್ಲ' ಎಂದು ಒಬ್ಬರಿಗೆ ನೇರವಾಗಿ ಹೇಳುವ ಧೈರ್ಯವೂ ವಕೀಲರಿಗಿತ್ತು. ಕಂಪನಿಯ ವಕೀಲರಿಗಾದರೋ ಕಕ್ಷಿದಾರ ಒಬ್ಬನೇ. ಸಂಬಳ ಕೊಡುವವನೂ ಅವನೇ.

ಈ ಉದ್ಯೋಗ ನಮ್ಮ ನಗರಕ್ಕೆ ಹೊಸದಲ್ಲ. ಎಚ್.ಎ.ಎಲ್., ಐ.ಟಿ.ಐ., ಬಿ.ಇ.ಎಲ್.ನಂತಹ ಸಾರ್ವಜನಿಕ ಉದ್ದಿಮೆಗಳಲ್ಲಿ ಕಾನೂನು ಅಧಿಕಾರಿಗಳು ಮೊದಲಿನಿಂದಲೂ ಇದ್ದರು. 1988ರಲ್ಲಿ ತರಗತಿಗಳನ್ನು ಆರಂಭಿಸಿದ ರಾಷ್ಟ್ರೀಯ ಕಾನೂನು ಶಾಲೆಯಿಂದ ಮೊದಲ ತಂಡ 1993ರಲ್ಲಿ ಹೊರಬಂದಾಗ, 1991ರ ಆರ್ಥಿಕ ಉದಾರೀಕರಣ ಈ ಕ್ಷೇತ್ರದ ಬಾಗಿಲನ್ನು ವಿಶಾಲವಾಗಿ ತೆರೆಯತೊಡಗಿತ್ತು. ಅತ್ತ ನ್ಯಾಯಾಲಯದ ಹಾದಿ ಆರಂಭದಲ್ಲಿ ಕಷ್ಟಕರ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮಾಂತರದಲ್ಲಿ 15,000 ರೂಪಾಯಿ ನೀಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಬೇಕಾಯಿತೆಂದರೆ ಪರಿಸ್ಥಿತಿಯನ್ನು ಊಹಿಸಬಹುದು.

2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಈ ವಕೀಲರ ಕೆಲಸದ ಜಾಗವನ್ನೇ ಬದಲಿಸಿತು. ಕಚೇರಿ ಮತ್ತೆ ಮನೆಗೆ ಬಂದಿತು. ಆದರೆ ಮುಂದಿನ ಕೋಣೆಗಲ್ಲ, ಊಟದ ಮೇಜಿಗೆ. ಈಗ ಅನೇಕ ಕಂಪನಿಗಳಲ್ಲಿ ವಾರದ ಕೆಲವು ದಿನ ಕಚೇರಿ, ಕೆಲವು ದಿನ ಮನೆ ಎಂಬ ಪದ್ಧತಿ ನೆಲೆಗೊಂಡಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಮೆಟ್ರೋ ಹಳದಿ ಮಾರ್ಗದಿಂದಾಗಿ ಬಸವನಗುಡಿಗೆ ಸಮೀಪದ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವುದು ಸುಲಭವಾಗಿದೆ. ಪ್ರಯಾಣದ ದಣಿವಿಗೆ ಪರಿಹಾರ ದೊರೆಯಿತು. ಗೌಪ್ಯದ ಪ್ರಶ್ನೆ ಮಾತ್ರ ಉಳಿದುಕೊಂಡಿತು.

ಆ ಪ್ರಶ್ನೆಗೆ ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 31ರಂದು ನೀಡಿದ ತೀರ್ಪು ಹೊಸ ತೂಕವನ್ನು ತಂದಿದೆ. ತನಿಖಾ ಸಂಸ್ಥೆಗಳು ವಕೀಲರಿಗೆ ಸಮನ್ಸ್ ಕಳುಹಿಸುವ ವಿಷಯವನ್ನು ನ್ಯಾಯಾಲಯ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತ್ತು. ಕಕ್ಷಿದಾರ ಹೇಳಿದ್ದನ್ನು ವಕೀಲರು ಬಹಿರಂಗಪಡಿಸಬಾರದೆಂದು ವಿಧಿಸುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನ ರಕ್ಷಣೆ ಕಂಪನಿಯ ಸಂಬಳದ ವಕೀಲರಿಗೆ ಅನ್ವಯಿಸದು, ಏಕೆಂದರೆ ಅವರು ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುವ ವಕೀಲರಲ್ಲ ಎಂದು ಪೀಠ ಸ್ಪಷ್ಟಪಡಿಸಿತು. ಕಂಪನಿಯ ಹೊರಗಿನ ಕಾನೂನು ಸಲಹೆಗಾರರೊಡನೆ ಅವರು ನಡೆಸುವ ವ್ಯವಹಾರಕ್ಕೆ 134ನೆಯ ಕಲಮಿನ ಆಸರೆಯಿದೆ; ತಮ್ಮ ಮಾಲೀಕರೊಡನೆ ನಡೆಸುವ ಪತ್ರವ್ಯವಹಾರಕ್ಕೆ ಆ ಆಸರೆಯಿಲ್ಲ. ಯೂರೋಪಿನ ನ್ಯಾಯಾಲಯವೂ 2010ರ ಅಕ್ಜೋ ನೊಬೆಲ್ ಪ್ರಕರಣದಲ್ಲಿ, ಉದ್ಯೋಗಿಯಾದ ವಕೀಲರಿಗೆ ಹೊರಗಿನ ವಕೀಲರಷ್ಟು ಸ್ವಾತಂತ್ರ್ಯವಿರದೆಂದು ಇಂತಹ ರಕ್ಷಣೆಯನ್ನು ನಿರಾಕರಿಸಿತ್ತು. ಇಂಗ್ಲೆಂಡಿನ ನ್ಯಾಯಾಲಯಗಳು ಮಾತ್ರ ಭಿನ್ನ ನಿಲುವು ತಳೆದಿವೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವಕೀಲರ ಪರಿಷತ್ತಿನ 49ನೆಯ ನಿಯಮದಂತೆ ಪೂರ್ಣಾವಧಿ ಸಂಬಳದ ಉದ್ಯೋಗ ಹಿಡಿದವರು ವಕೀಲಿ ವೃತ್ತಿಯನ್ನು ಮುಂದುವರಿಸುವಂತಿಲ್ಲ. ಉದ್ಯೋಗ ಸೇರಿದ ವಿಷಯವನ್ನು ರಾಜ್ಯ ಪರಿಷತ್ತಿಗೆ ತಿಳಿಸಲೇಬೇಕು. ಉದ್ಯೋಗ ಬಿಟ್ಟ ಮೇಲೆ ವೃತ್ತಿಗೆ ಮರಳಲು ಅವಕಾಶವುಂಟು. ಆದರೆ ಸಂಬಳದ ವರ್ಷಗಳು ವಕೀಲಿಯ ವರ್ಷಗಳಾಗವು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿಯನ್ನು ಸುಪ್ರೀಂ ಕೋರ್ಟು 2025ರ ಮೇ 20ರಂದು ಪುನಃ ಕಡ್ಡಾಯಗೊಳಿಸಿದುದರಿಂದ, ನ್ಯಾಯಾಧೀಶರಾಗುವ ಕನಸುಳ್ಳ ಮಕ್ಕಳು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳಿತು.

ಕೆಲಸದ ಹೊರೆಯಂತೂ ಏರುತ್ತಲೇ ಇದೆ. 29 ಕಾರ್ಮಿಕ ಕಾನೂನುಗಳ ಬದಲಿಗೆ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ನೇಮಕಾತಿ ಪತ್ರ, ವೇತನದ ವ್ಯಾಖ್ಯೆ, ಗ್ರಾಚ್ಯುಟಿ ಎಲ್ಲವನ್ನೂ ಕಾನೂನು ವಿಭಾಗ ಹೊಸದಾಗಿ ಪರಿಶೀಲಿಸಬೇಕಾಯಿತು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಡಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಕರಾರುಪತ್ರಗಳನ್ನು ಕ್ಷಣಮಾತ್ರದಲ್ಲಿ ಓದುವ ಕೃತಕ ಬುದ್ಧಿಮತ್ತೆಯೂ ಕೈಗೆ ಬಂದಿದೆ. ಆದರೆ ಆ ಯಂತ್ರ ಹೆಣೆದುಕೊಟ್ಟ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ನ್ಯೂಯಾರ್ಕಿನ ನ್ಯಾಯಾಲಯವೊಂದು 2023ರಲ್ಲಿ 5,000 ಡಾಲರ್ ದಂಡ ವಿಧಿಸಿತೆಂಬುದನ್ನು ಮರೆಯಲಾಗದು. ಸಹಿ ಹಾಕುವವರೇ ಹೊಣೆಗಾರರು.

ಹಾಗಾದರೆ ಹೊಂದಿಕೊಳ್ಳುವುದೆಂದರೇನು? ಹೊಸ ಉಪಕರಣ, ಹೊಸ ವೇಳಾಪಟ್ಟಿಗಳಿಗೆ ಒಗ್ಗಿಕೊಳ್ಳುವುದು ಸುಲಭ. ಸಂಬಳ ಕೊಡುವವನಿಗೆ 'ಇದು ಕಾನೂನುಬಾಹಿರ' ಎಂದು ಹೇಳುವ ಶಕ್ತಿಯನ್ನು ಉಳಿಸಿಕೊಳ್ಳುವುದೇ ಕಠಿಣ. ಬರೆದದ್ದೆಲ್ಲವೂ ಒಂದು ದಿನ ತನಿಖಾಧಿಕಾರಿಯ ಮೇಜಿಗೆ ಬರಬಹುದೆಂಬ ಈ ಕಾಲದಲ್ಲಿ, ಏನನ್ನೂ ಬರೆಯದಿರುವುದೇ ಜಾಣತನವೆಂಬ ಭಾವನೆ ಮೂಡಬಹುದು. ಅದು ಸರಿಯಲ್ಲವೆಂದೇ ನಾವು ಭಾವಿಸುತ್ತೇವೆ. ಪ್ರಾಮಾಣಿಕವಾದ ಎಚ್ಚರಿಕೆಯ ಟಿಪ್ಪಣಿಯೇ ಮುಂದೆ ಆ ನೌಕರನ ರಕ್ಷಣೆಯಾದೀತು. ಗಂಭೀರ ವಿಷಯಗಳಲ್ಲಿ ಹೊರಗಿನ ವಕೀಲರ ಅಭಿಪ್ರಾಯವನ್ನು ಸಕಾಲದಲ್ಲಿ ಪಡೆಯುವುದು ಕಂಪನಿಗೂ ಹಿತ.

ಕುಟುಂಬದವರ ಪಾತ್ರವೂ ಇಲ್ಲಿ ಚಿಕ್ಕದಲ್ಲ. ಮನೆಯಲ್ಲಿ ಬೇರೆ ಕೋಣೆಯಿಲ್ಲದಿದ್ದರೂ, ಮಗಳು ಕಂಪನಿಯ ಕರೆಯಲ್ಲಿರುವಾಗ ಟಿ.ವಿ.ಯ ಸದ್ದು ತಗ್ಗಿಸಿ ಸ್ವಲ್ಪ ದೂರ ಸರಿಯಬಹುದು. ಕಿವಿಗೆ ಬಿದ್ದ ಮಾತನ್ನು ನೆಂಟರಿಷ್ಟರ ಬಳಿ ಆಡದಿರಬಹುದು. ಅಕ್ರಮಕ್ಕೆ ಸಹಿ ಹಾಕಲೊಪ್ಪದೆ ಮಗ ಕೆಲಸ ಬಿಟ್ಟುಬಂದ ದಿನ, ಮನೆಸಾಲದ ಕಂತನ್ನು ನೆನಪಿಸುವ ಮೊದಲು ಅವನ ಬೆನ್ನು ತಟ್ಟಬಹುದು. ಅಂತಹ ಬೆಂಬಲವಿರುವ ಮನೆಗಳ ಮಕ್ಕಳು ಯಾವ ಕಚೇರಿಯಲ್ಲಿ ಕುಳಿತರೂ ತಲೆಯೆತ್ತಿ ಕೆಲಸ ಮಾಡಬಲ್ಲರು.