ರಜೆ ದಿನದ ಊಟ



ಮನೆ ಭೇಟಿಗೆ ಹೋದಲ್ಲೆಲ್ಲ ಈಗ ಹಿರಿಯರು ಆಲ್ಬಮಿನ ಬದಲು ಮೊಬೈಲ್ ತೋರಿಸುತ್ತಾರೆ. ಅದರಲ್ಲಿ ಹೆಚ್ಚಾಗಿ ಒಂದೇ ಬಗೆಯ ಚಿತ್ರ: ದುಬೈಯದೋ ಕುವೈಟಿನದೋ ಒಂದು ಫ್ಲ್ಯಾಟು, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ, ಸುತ್ತ ಕುಳಿತ ಹತ್ತು ಹದಿನೈದು ಮಂದಿ, ನಡುವೆ ಅನ್ನ, ಕೋಳಿ ಸಾರು. "ಇವರೆಲ್ಲ ನಮ್ಮ ಮಗನ ಫ್ರೆಂಡ್ಸ್, ಫಾದರ್. ರಜೆ ದಿನ ಇವರಿಗೆಲ್ಲ ಅವನ ಮನೆಯಲ್ಲೇ ಊಟ" ಎನ್ನುವಾಗ ಆ ತಾಯಿಯ ಮುಖ ನೋಡಬೇಕು. ಮಗನ ಸಂಬಳದ ಬಗ್ಗೆ ಹೇಳುವಾಗಲೂ ಅಷ್ಟು ಹೆಮ್ಮೆ ಇರುವುದಿಲ್ಲ. ಈ ಸಲ ಆ ಊಟದ ಬಗ್ಗೆಯೇ ನಾಲ್ಕು ಮಾತು. ಅಲ್ಲಿರುವ ಮಕ್ಕಳಿಗೆ ಈ ಪುಟದ ಫೋಟೋ ತೆಗೆದು ಕಳುಹಿಸಿದರೂ ಆದೀತು.

ಗಲ್ಫಿನಲ್ಲಿ ನಮ್ಮವರು ಎರಡು ತರಹ ಬದುಕುತ್ತಾರೆ. ಹೆಂಡತಿ ಮಕ್ಕಳನ್ನು ಕರೆಸಿಕೊಂಡವರು ಕೆಲವರು, ರೂಮಿನಲ್ಲಿರುವವರು ಹಲವರು. ಇದು ಇಷ್ಟದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಯುಎಇಯಲ್ಲಿ ಕುಟುಂಬದ ವೀಸಾಕ್ಕೆ ತಿಂಗಳಿಗೆ 4000 ದಿರ್ಹಮ್ ಸಂಬಳ, ಇಲ್ಲವೇ ವಸತಿಯ ಜೊತೆಗೆ 3000 ದಿರ್ಹಮ್ ಬೇಕು ಎಂದು 2019ರಲ್ಲಿ ನಿಯಮವಾಯಿತು. ಕುವೈಟ್ 2024ರ ಜನವರಿಯಲ್ಲಿ ಅದನ್ನು 800 ದಿನಾರಿಗೆ ಏರಿಸಿತು. ಅಷ್ಟು ದುಡಿಯದವನು ಬಂಕ್ ಮಂಚದ ಮೇಲೋ ಕೆಳಗೋ ಮಲಗಬೇಕು, ಹಲವರು ಹಂಚಿಕೊಂಡ ಅಡುಗೆಮನೆಯಲ್ಲಿ ತನ್ನ ಪಾಳಿ ಕಾಯಬೇಕು. ಮೂರು ಮಕ್ಕಳ ತಂದೆಯಾದರೂ ಅಲ್ಲಿ ಅವನಿಗೆ ‘ಬ್ಯಾಚುಲರ್’ ಎಂದೇ ಹೆಸರು!

ಮನೆ ಇರುವವರು ಮನೆ ಇರುವವರನ್ನೇ ಊಟಕ್ಕೆ ಕರೆಯುವುದು ಸಹಜ. ಇವತ್ತು ಇವರಲ್ಲಿ, ಮುಂದಿನ ವಾರ ಅವರಲ್ಲಿ. ತಪ್ಪೇನಿಲ್ಲ. ಆದರೆ ರೂಮಿನವನು ತಿರುಗಿ ಕರೆಯಲಾರ. ಕರೆದರೂ ಕೂರಿಸುವುದೆಲ್ಲಿ? ಆದ್ದರಿಂದ ಮೆಲ್ಲನೆ ಅವನ ಹೆಸರು ಪಟ್ಟಿಯಿಂದ ಜಾರುತ್ತದೆ. ಯಾರೂ ಬೇಕೆಂದು ಬಿಟ್ಟದ್ದಲ್ಲ.

ದಿನ ಆರಿಸುವಲ್ಲೂ ಹಾಗೆಯೇ. 2022ರ ಜನವರಿಯಿಂದ ಯುಎಇ ಸರಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ ಭಾನುವಾರ ರಜೆ ಎಂದಾಯಿತು. ಕುವೈಟ್, ಕತಾರ್, ಬಹರೈನ್, ಒಮಾನ್, ಸೌದಿಗಳಲ್ಲಿ ಶುಕ್ರವಾರ ಶನಿವಾರವೇ ಉಳಿಯಿತು. ಕಚೇರಿಯಲ್ಲಿರುವವರಿಗೆ ಶನಿವಾರ ಅನುಕೂಲ. ಕಟ್ಟಡದ ಕೆಲಸದ ಅನೇಕರಿಗೆ ವಾರಕ್ಕೆ ಒಂದೇ ದಿನ ರಜೆ. ಆ ದಿನ ಯಾವುದೆಂದು ಕೇಳಿ, ಆಮೇಲೆ ದಿನ ಇಟ್ಟುಕೊಂಡರೆ ಅವನೂ ಬಂದಾನು.

ಇನ್ನು ಅಡುಗೆ. ಕುಚ್ಚಲಕ್ಕಿ, ತುರಿದ ತೆಂಗಿನಕಾಯಿ, ಬ್ಯಾಡಗಿ ಮೆಣಸು ಈಗ ಅಲ್ಲಿಯೂ ಸಿಗುತ್ತವೆ. ಅಂಜಲ್ ಬೇಕಾದರೆ ಕಿಂಗ್‌ಫಿಶ್ ಎಂದು ಕೇಳಬೇಕು. ಕುವೈಟಿನ ಝುಬೈದಿ ನಮ್ಮ ಮಾಂಜಿಯೇ. ಸಾನ್ನಾ ಉಬ್ಬಲು ಕಳ್ಳು ಸಿಗದು, ಯೀಸ್ಟಿನಲ್ಲೇ ತೃಪ್ತಿಪಡಬೇಕು. ಹಂದಿಮಾಂಸ ದುಬೈಯಲ್ಲಿ ಅಂಗಡಿಯ ಪ್ರತ್ಯೇಕ ಕೋಣೆಯಲ್ಲಿ ದೊರೆಯುತ್ತದೆ, ಕುವೈಟಿನಲ್ಲೂ ಸೌದಿಯಲ್ಲೂ ನಿಷಿದ್ಧ. ಊರಿನಿಂದ ಬಾಫತ್ ಪುಡಿ, ಕೋರಿ ರೊಟ್ಟಿ ಕಟ್ಟಿಕೊಡುವ ಅಮ್ಮಂದಿರಿಗೆ ಒಂದು ಎಚ್ಚರಿಕೆ: ಗಸಗಸೆ ಬೇಡವೇ ಬೇಡ, ಮಸಾಲೆಯಲ್ಲಿ ಬೆರೆಸಿಯೂ ಬೇಡ. ಯುಎಇ, ಸೌದಿಗಳಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬೀಳುತ್ತದೆ. ವಿಮಾನ ನಿಲ್ದಾಣದಿಂದ ನೇರ ಜೈಲಿಗೆ ಹೋದವರಿದ್ದಾರೆ.

ಆದರೆ ಇಷ್ಟೆಲ್ಲ ಬೇಯಿಸುವವರು ಯಾರು? ಆಕೆಯೂ ವಾರವಿಡೀ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ದುಡಿದವಳು. ಗಂಡ ಫೋನಿನಲ್ಲಿ ಧಾರಾಳವಾಗಿ ಹನ್ನೆರಡು ಜನರನ್ನು ಕರೆದು, ಆಕೆ ಹಿಂದಿನ ರಾತ್ರಿಯಿಂದ ಒಲೆಯ ಮುಂದೆ ನಿಂತರೆ, ಆ ಆತಿಥ್ಯ ಗಂಡನದ್ದು ಎಂದು ನಾನು ಹೇಳಲಾರೆ. ಒಂದೊಂದು ಮನೆಯಿಂದ ಒಂದೊಂದು ಪಾತ್ರೆ ಬರಲಿ. ರೂಮಿನವರಿಗೆ ಅಡುಗೆಮನೆ ಬಿಟ್ಟುಕೊಡಿ. ಪಾಳಿಯ ಮೇಲೆ ವರ್ಷಗಟ್ಟಲೆ ಬೇಯಿಸಿದ ಕೈಗಳು ಅವು. ಮೀನಿನ ಸಾರಿನಲ್ಲಿ ನಮ್ಮನ್ನೆಲ್ಲ ಮೀರಿಸುತ್ತಾರೆ. ಬರೇ ತಿಂದು ಹೋಗುವವನಿಗೆ ಮುಂದಿನ ಸಲ ಬರಲು ಸಂಕೋಚ. ಸೌಟು ಹಿಡಿದವನಿಗೆ ಅದು ತನ್ನದೇ ಮನೆ.

ಊಟದ ಮಾತು ಮೊದಲು ಚಿನ್ನದ ದರ, ವಿಮಾನದ ಟಿಕೆಟು, ಊರಿನ ಸೆಂಟ್ಸಿಗೆ ಎಷ್ಟು ಎಂಬಲ್ಲೇ ಸುತ್ತುತ್ತದೆ. ಸುತ್ತಲಿ. (ಚಿಟ್ ಫಂಡಿಗೆ ಸದಸ್ಯರನ್ನು ಹಿಡಿಯಲೆಂದೇ ಊಟ ಹಾಕುವವರೂ ಇದ್ದಾರೆ, ಅವರ ಮಾತು ಬೇರೆ.) ಕೊಂಕಣಿ, ತುಳು, ಕನ್ನಡ, ಮಲಯಾಳ ಒಂದೇ ವಾಕ್ಯದಲ್ಲಿ ಬರುವ ಆ ಗದ್ದಲದಲ್ಲಿ ಮಕ್ಕಳ ಕಿವಿಗೆ ಊರು ಬೀಳುತ್ತದೆ. ಎಲ್ಲರೂ ಕೈ ತೊಳೆದ ಮೇಲೆ, ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬ, "ಮೂರು ತಿಂಗಳಾಯಿತು ಅಣ್ಣ, ಸಂಬಳ ಬರಲಿಲ್ಲ" ಎನ್ನುತ್ತಾನೆ. ಊರಿನಲ್ಲಿ ಹೆಂಡತಿಗೂ ಹೇಳಿರುವುದಿಲ್ಲ.

ಆಗ ಪಕ್ಕದಲ್ಲಿ ತಿಳಿದವರೊಬ್ಬರು ಇರಬೇಕು. ಯುಎಇಯಲ್ಲಿ 2009ರಿಂದ ಖಾಸಗಿ ಕಂಪನಿಗಳ ಸಂಬಳವನ್ನು ಸರಕಾರ ಗಮನಿಸುವ ಬ್ಯಾಂಕ್ ವ್ಯವಸ್ಥೆ ಇದೆ, ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ಭಾರತ ಸರಕಾರದ ‘ಮದದ್’ ಜಾಲತಾಣ 2015ರಲ್ಲಿ ಆರಂಭವಾಯಿತು. ನಮ್ಮ ಮಾತು ಕನ್ನಡವಾದರೂ ಕಾಸರಗೋಡು, ವಯನಾಡಿನವರು ಕೇರಳದ ನಿವಾಸಿಗಳು. ಆರು ತಿಂಗಳು ಹೊರದೇಶದಲ್ಲಿದ್ದವರಿಗೆ ನೋರ್ಕಾದ ಗುರುತುಚೀಟಿ ಸಿಗುತ್ತದೆ, ಅದರೊಂದಿಗೆ ಅಪಘಾತ ವಿಮೆ. 18ರಿಂದ 60 ವರ್ಷದವರು ಪ್ರವಾಸಿ ಕ್ಷೇಮನಿಧಿಗೆ ಸೇರಿ, ಕಂತು ಕಟ್ಟಿ, ಮುಂದೆ ಪಿಂಚಣಿ ಪಡೆಯಬಹುದು. ಮಲಯಾಳ ಓದಲು ಬಾರದ ನಮ್ಮವರಿಗೆ ಇದು ತಿಳಿಯುವುದು ಇಂತಹ ಊಟದ ನಡುವೆಯೇ.

2024ರ ಜೂನ್ 12ರ ಬೆಳಗ್ಗೆ ಕುವೈಟಿನ ಮಂಗಾಫಿನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. 40ಕ್ಕೂ ಹೆಚ್ಚು ಭಾರತೀಯರು ಸತ್ತರು, ಕಾಸರಗೋಡಿನವರೂ ಇದ್ದರು. ಅಂತಹ ದಿನ ರೂಮಿನವನ ಬಗ್ಗೆ ಬಲ್ಲವರು ರೂಮಿನವರೇ, ಅವರೂ ಅದೇ ಕಟ್ಟಡದಲ್ಲಿ. ಆದ್ದರಿಂದ ಊಟಕ್ಕೆ ಬಂದವನ ಮೊಬೈಲ್ ನಂಬರಿನ ಜೊತೆಗೆ ಅವನ ಊರ ಮನೆಯ ನಂಬರು, ಕ್ಯಾಂಪಿನ ಹೆಸರು, ಕೋಣೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಮ್ಮ ನಂಬರನ್ನು ಅವನ ಮನೆಗೂ ಕೊಡಿ.

ಹೊರಡುವಾಗ ರೂಮಿನಲ್ಲಿ ಉಳಿದವರಿಗೆಂದು ಒಂದು ಡಬ್ಬಿ ಕಟ್ಟಿಕೊಡುತ್ತೀರಲ್ಲ, ಅದನ್ನು ತೊಳೆದು ತರುವ ನೆಪದಲ್ಲಿ ಅವನು ಮತ್ತೆ ಬರುತ್ತಾನೆ. ಖಾಲಿ ಡಬ್ಬಿ ತರುವುದು ನಮ್ಮವರಲ್ಲಿ ಇಲ್ಲ. ಏನಿಲ್ಲವೆಂದರೂ ನಾಲ್ಕು ಖರ್ಜೂರ ಇದ್ದೇ ಇರುತ್ತದೆ.